ಬೇಸಾಯಗಾರರ ನಿದ್ರೆ: ಅದು ಕೆಡುವ ಬಗೆಗಳೂ ಸರಿಪಡಿಸುವ ಕ್ರಮಗಳೂ

ಉಳುವ ಎತ್ತಿಗೆ ನೊಗ ಕಳಚಿ ನೆರಳು ತೋರಿಸಬೇಕೆಂಬುದನ್ನು ಯಾವ ಬೇಸಾಯಗಾರನಿಗೂ ಹೇಳಿಕೊಡಬೇಕಾದ್ದಿಲ್ಲ. ಕರೆಯುವ ಹಸುವು ದಿನಕ್ಕೆ 10ರಿಂದ 12 ಗಂಟೆಗಳ ಕಾಲ ನೆಮ್ಮದಿಯಾಗಿ ಮಲಗದಿದ್ದರೆ ಹಾಲು ಇಳಿಮುಖವಾಗುವುದೆಂಬುದೂ ಕೊಟ್ಟಿಗೆಯುಳ್ಳವರಿಗೆ ತಿಳಿದ ಸಂಗತಿಯೇ ಆಗಿದೆ. ಆದರೆ ಈ ದನಕರುಗಳನ್ನೂ ಭೂಮಿಯನ್ನೂ ನೋಡಿಕೊಳ್ಳತಕ್ಕ ಮನುಷ್ಯನ ವಿಶ್ರಾಂತಿಯ ವಿಷಯದಲ್ಲಿ ಮಾತ್ರ ಗ್ರಾಮಗಳಲ್ಲಿ ಬಹಳ ಉದಾಸೀನವಿರುವುದು. ಕಡಿಮೆ ನಿದ್ರೆ ಮಾಡುವವನು ಶ್ರಮಜೀವಿಯೆಂದೂ, ಹೊತ್ತಿಗೆ ಸರಿಯಾಗಿ ಮಲಗುವವನು ಸೋಮಾರಿಯೆಂದೂ ಎಣಿಸುವ ವಾಡಿಕೆಯು ಹಲವೆಡೆ ಬೇರೂರಿದೆ. ಈ ಎಣಿಕೆಯು ಶಾಸ್ತ್ರಕ್ಕೂ ಒಪ್ಪತಕ್ಕದ್ದಲ್ಲ, ಅನುಭವಕ್ಕೂ ಒಪ್ಪತಕ್ಕದ್ದಲ್ಲ. ಚರಕ ಸಂಹಿತೆಯು ದೇಹವನ್ನು ಎತ್ತಿಹಿಡಿಯುವ ಮೂರು ಊರೆಗಂಬಗಳಲ್ಲಿ ಆಹಾರದ ಜೊತೆಗೆ ನಿದ್ರೆಯನ್ನೂ ಎಣಿಸಿದೆ. ಈಚಿನ ಒಂದು ನೂರು ವರ್ಷಗಳ ವೈದ್ಯಶಾಸ್ತ್ರವು ಅದೇ ಅಭಿಪ್ರಾಯವನ್ನು ಪ್ರಯೋಗಗಳಿಂದ ದೃಢಪಡಿಸಿರುವುದು.

ನಿದ್ರೆಗೆಟ್ಟವನ ಕೈಯಲ್ಲಿ ಕಬ್ಬಿನ ಗಾಣವಾಗಲಿ, ಒಕ್ಕಣೆಯ ಯಂತ್ರವಾಗಲಿ, ಟ್ರ್ಯಾಕ್ಟರಾಗಲಿ ಇದ್ದರೆ ಒಂದು ಕ್ಷಣದ ತೂಕಡಿಕೆಯೇ ಅಂಗನಷ್ಟಕ್ಕೂ ಪ್ರಾಣನಷ್ಟಕ್ಕೂ ಸಾಕಾಗುವುದು. ಆದುದರಿಂದ ಈ ವಿಷಯವು ಮನೆಯ ಯಜಮಾನರಿಗೂ, ಆಳುಕಾಳುಗಳನ್ನು ಇಟ್ಟು ದುಡಿಸುವ ಜಮೀನುದಾರರಿಗೂ, ಗ್ರಾಮದ ಮುಖಂಡರಿಗೂ ಸಮಾನವಾಗಿ ಸಂಬಂಧಪಟ್ಟಿದೆ.

ನಿದ್ರೆಯ ಸ್ವರೂಪ

ನಿದ್ರೆಯೆಂದರೆ ದೇಹವು ಸುಮ್ಮನೆ ಬಿದ್ದಿರುವುದೆಂದು ಹಿಂದೆ ತಿಳಿಯಲಾಗಿತ್ತು. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯನು ಮನುಷ್ಯನ ಮಿದುಳಿನಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಕಾಗದದ ಮೇಲೆ ಗುರುತಿಸುವ ವಿಧಾನವನ್ನು 1929ರಲ್ಲಿ ಪ್ರಕಟಿಸಿದ ಮೇಲೆ, ನಿದ್ರೆಯಲ್ಲಿಯೂ ಮಿದುಳು ಕೆಲಸ ಮಾಡುತ್ತಲೇ ಇರುವುದೆಂಬುದು ಗೊತ್ತಾಯಿತು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬುವರು, ನಿದ್ರೆಯ ಕೆಲವು ಭಾಗಗಳಲ್ಲಿ ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನೂ, ಆಗಲೇ ಕನಸುಗಳು ಹೆಚ್ಚಾಗಿ ಬೀಳುವುದನ್ನೂ ಕಂಡುಹಿಡಿದರು.

ಈಗ ತಿಳಿದಿರುವಂತೆ ನಿದ್ರೆಯು ಸುತ್ತುಸುತ್ತಾಗಿ ಸಾಗುವುದು. ಒಂದೊಂದು ಸುತ್ತೂ ಸುಮಾರು 90 ನಿಮಿಷಗಳಷ್ಟಾಗಿ, ರಾತ್ರಿಗೆ ನಾಲ್ಕೈದು ಸುತ್ತುಗಳಾಗುವುವು. ರಾತ್ರಿಯ ಮೊದಲ ಭಾಗದಲ್ಲಿ ಗಾಢನಿದ್ರೆಯು ಹೆಚ್ಚು. ದಣಿದ ಮಾಂಸಖಂಡಗಳು ದುರಸ್ತಾಗುವುದೂ, ಮಕ್ಕಳ ಬೆಳವಣಿಗೆಗೆ ಬೇಕಾದ ರಸವು ರಕ್ತಕ್ಕೆ ಇಳಿಯುವುದೂ ಹೆಚ್ಚಾಗಿ ಆಗಲೇ. ಬೆಳಗಿನ ಜಾವಕ್ಕೆ ಕನಸಿನ ನಿದ್ರೆಯು ಹೆಚ್ಚಾಗಿ, ಕಲಿತದ್ದು ನೆನಪಿನಲ್ಲಿ ನಿಲ್ಲುವುದಕ್ಕೂ ಮನಸ್ಸಿನ ಸಮಾಧಾನಕ್ಕೂ ಸಹಾಯಕವಾಗುವುದು. ಹೀಗಿರುವುದರಿಂದ ರಾತ್ರಿಯ ಯಾವ ತುದಿಯನ್ನು ಕತ್ತರಿಸಿದರೂ ನಷ್ಟವೇ ಸರಿ.

ಪ್ರಾಯಸ್ಥರಿಗೆ ದಿನಕ್ಕೆ 7ರಿಂದ 9 ಗಂಟೆಗಳೂ, 65 ವರ್ಷ ದಾಟಿದವರಿಗೆ 7ರಿಂದ 8 ಗಂಟೆಗಳೂ, ಶಾಲೆಗೆ ಹೋಗುವ ಮಕ್ಕಳಿಗೆ 9ರಿಂದ 11 ಗಂಟೆಗಳೂ ನಿದ್ರೆ ಬೇಕೆಂಬುದು ತಜ್ಞರ ಅಭಿಪ್ರಾಯ. ಐದು ಗಂಟೆಯ ನಿದ್ರೆಯೇ ತಮಗೆ ಸಾಕೆನ್ನುವವರು ಮಧ್ಯಾಹ್ನ ಕುಳಿತಲ್ಲಿಯೇ ತೂಕಡಿಸುತ್ತಿದ್ದರೆ, ಅವರಿಗೆ ಅದು ಸಾಲದೆಂದು ಅವರ ದೇಹವೇ ಸಾಕ್ಷಿ ಹೇಳಿದಂತಾಯಿತು.

ದೇಹದೊಳಗಿನ ಗಡಿಯಾರ

ಸಂಜೆಯಾಗುತ್ತಲೇ ಹುಣಸೆಯ ಎಲೆಗಳು ಮಡಿಸಿಕೊಳ್ಳುವುದನ್ನು ಯಾರೂ ನೋಡಬಹುದು. ಸೂರ್ಯನು ಮುಳುಗಿದ್ದೇ ಇದಕ್ಕೆ ಕಾರಣವೆಂದು ಮೇಲ್ನೋಟಕ್ಕೆ ತೋರುವುದು. ಆದರೆ 1729ರಲ್ಲಿ ಫ್ರಾನ್ಸ್ ದೇಶದ ಡಿ ಮೈರಾನ್ ಎಂಬ ಖಗೋಳಶಾಸ್ತ್ರಜ್ಞನು ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಬೆಳಕೇ ಬಾರದ ಸ್ಥಳದಲ್ಲಿಟ್ಟು ಪರೀಕ್ಷಿಸಲು, ಕತ್ತಲೆಯಲ್ಲಿಯೂ ಅದು ಹಗಲಿನ ವೇಳೆಗೆ ಎಲೆ ಬಿಚ್ಚಿ ರಾತ್ರಿಯ ವೇಳೆಗೆ ಮುಚ್ಚುತ್ತಿತ್ತು. ಜೀವಿಯ ಒಳಗೇ ಕಾಲವನ್ನು ಅಳೆಯುವ ಒಂದು ಏರ್ಪಾಡುಂಟೆಂಬುದಕ್ಕೆ ಇದು ಮೊದಲ ಸಾಕ್ಷಿಯಾಯಿತು. ಈ ಗಡಿಯಾರವು ಜೀವಕೋಶಗಳಲ್ಲಿ ಹೇಗೆ ನಡೆಯುವುದೆಂಬುದನ್ನು ಹಣ್ಣಿನ ನೊಣಗಳಲ್ಲಿ ಶೋಧಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರ ನೊಬೆಲ್ ಪಾರಿತೋಷಕವು ದೊರೆಯಿತು.

ಮನುಷ್ಯನಲ್ಲಿ ಈ ಗಡಿಯಾರದ ಕೇಂದ್ರವು ಮಿದುಳಿನ ತಳಭಾಗದಲ್ಲಿ, ಕಣ್ಣಿನಿಂದ ಬರುವ ನರಗಳು ಒಂದನ್ನೊಂದು ಹಾಯುವ ಸ್ಥಳದ ಮೇಲ್ಗಡೆ ಇರುವುದು. ಅದರ ಸುತ್ತು 24 ಗಂಟೆಗಳಿಗಿಂತ ಸ್ವಲ್ಪ ಹೆಚ್ಚಾಗಿರುವುದರಿಂದ ಪ್ರತಿದಿನವೂ ಬೆಳಗಿನ ಬಿಸಿಲಿನಿಂದ ಅದನ್ನು ಸರಿಪಡಿಸಬೇಕಾಗುವುದು. ಸಂಜೆ ಕತ್ತಲಾದಾಗ ಮಿದುಳಿನೊಳಗಿನ ಒಂದು ಚಿಕ್ಕ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಬಿಡುಗಡೆ ಮಾಡಿ, ರಾತ್ರಿಯಾಯಿತೆಂದು ದೇಹಕ್ಕೆಲ್ಲಾ ತಿಳಿಸುವುದು. 1958ರಲ್ಲಿ ಕಂಡುಹಿಡಿಯಲ್ಪಟ್ಟ ಈ ರಸವು ಬೆಳಕು ಕಣ್ಣಿಗೆ ಬಿದ್ದೊಡನೆ ಕುಗ್ಗುವುದು.

ಸೇವಂತಿಗೆಯನ್ನು ಬೆಳೆಯುವವರಿಗೆ ಈ ವಿಷಯವು ಸುಲಭವಾಗಿ ಮನಸ್ಸಿಗೆ ಹತ್ತುವುದು. ಕೆಲವು ಗಿಡಗಳು ಹೂ ಬಿಡುವುದಕ್ಕೆ ಹಗಲು ರಾತ್ರಿಗಳ ಉದ್ದವೇ ಗುರುತೆಂಬುದು ಅಮೆರಿಕದ ವ್ಯವಸಾಯ ಇಲಾಖೆಯ ಗಾರ್ನರ್ ಮತ್ತು ಅಲರ್ಡ್ ಎಂಬುವರು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ನಡೆಯಿಸಿ 1920ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತಿಳಿದುಬಂದಿತು. ಸೇವಂತಿಗೆಯ ತೋಟದಲ್ಲಿ ನಡುರಾತ್ರಿ ಕೆಲವು ಗಂಟೆ ದೀಪ ಉರಿಸಿದರೆ, ಗಿಡವು ರಾತ್ರಿ ಚಿಕ್ಕದೆಂದು ಮೋಸಹೋಗಿ ಹೂ ಬಿಡುವುದನ್ನು ಮುಂದಕ್ಕೆ ಹಾಕುವುದು. ಬೇಕಾದ ಕಾಲಕ್ಕೆ ಹೂ ಪಡೆಯುವುದಕ್ಕೆ ಬೆಳೆಗಾರರು ಈ ಉಪಾಯವನ್ನು ಅನುಸರಿಸುವರು. ಮಲಗುವ ಹೊತ್ತಿನಲ್ಲಿ ಮುಖದ ಮುಂದೆ ಹಿಡಿದ ಮೊಬೈಲಿನ ಬೆಳಕೂ ಮನುಷ್ಯನ ಗಡಿಯಾರವನ್ನು ಇದೇ ರೀತಿಯಾಗಿ ವಂಚಿಸುವುದು. ಸೇವಂತಿಗೆಗೆ ಬೆಳೆಗಾರನು ಬೇಕೆಂದು ಮಾಡುವುದನ್ನು ಮನುಷ್ಯನು ತನಗೆ ತಾನೇ ತಿಳಿಯದೆ ಮಾಡಿಕೊಳ್ಳುತ್ತಿದ್ದಾನೆ.

ರಾತ್ರಿಯ ನೀರೂ ರಾತ್ರಿಯ ಕಾವಲೂ

ಪಟ್ಟಣದವರಿಗಿಲ್ಲದ ಎರಡು ತೊಂದರೆಗಳು ಬೇಸಾಯಗಾರನಿಗುಂಟು. ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ಹಲವೆಡೆ ಪಾಳಿಯ ಮೇಲೆ ಬರುವುದರಿಂದ, ರಾತ್ರಿಯ ಪಾಳಿ ಬಂದವರು ನಿದ್ರೆಗೆಟ್ಟು ಗದ್ದೆ ತೋಟಗಳಿಗೆ ನೀರು ಹಾಯಿಸಬೇಕಾಗುವುದು ಮೊದಲನೆಯದು. ಕಾಡುಹಂದಿ, ಆನೆ ಮೊದಲಾದವುಗಳಿಂದ ಪೈರನ್ನು ಕಾಯಲು ಅಟ್ಟಣೆಯ ಮೇಲೆ ರಾತ್ರಿಗಳನ್ನು ಕಳೆಯಬೇಕಾಗುವುದು ಎರಡನೆಯದು.

ಎಡೆಬಿಡದೆ 17 ಗಂಟೆ ಎಚ್ಚರವಾಗಿರುವವನ ಚುರುಕುತನವು, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿರುವವನ ಚುರುಕುತನದ ಮಟ್ಟಕ್ಕೆ ಇಳಿಯುವುದೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ಭಾರತದ ಮೋಟಾರು ವಾಹನಗಳ ಕಾನೂನಿನಂತೆ 30 ಮಿಲಿಗ್ರಾಂ ಮೀರಿದವನು ವಾಹನ ನಡೆಸುವುದು ಅಪರಾಧ. ಬೆಳಿಗ್ಗೆ 5 ಗಂಟೆಗೆ ಎದ್ದವನಿಗೆ ರಾತ್ರಿ 10 ಗಂಟೆಗೇ ಈ 17 ಗಂಟೆಗಳು ತುಂಬುವುವು. ಆಮೇಲೆ ಅವನು ಮೋಟಾರು ಹಾಕಲು ತೋಟಕ್ಕೆ ಹೊರಡುವನು. ರಾತ್ರಿ 2ರಿಂದ 5 ಗಂಟೆಯವರೆಗೆ ದೇಹದ ಎಚ್ಚರವು ಎಲ್ಲಕ್ಕಿಂತ ಕೆಳಗಿರುವುದರಿಂದ, ವಿದ್ಯುತ್ತಿನ ತಂತಿ, ತೆರೆದ ಬಾವಿ, ಹಾವು ಮುಂತಾದವುಗಳ ಅಪಾಯವೂ ಆಗ ಹೆಚ್ಚು.

ರಾತ್ರಿಯ ಕೆಲಸವು ತಪ್ಪದಿದ್ದಲ್ಲಿ ಈ ಕೆಳಗಿನ ಕ್ರಮಗಳು ಪ್ರಯೋಜನಕರವಾಗಿವೆ. ಪಾಳಿಗೆ ಮುಂಚೆ, ಸಂಜೆ ಒಂದೂವರೆ ಗಂಟೆಯಷ್ಟು ಮಲಗಿದರೆ ಒಂದು ಪೂರ್ಣ ಸುತ್ತಿನ ನಿದ್ರೆ ದೊರೆಯುವುದು. ಕಾವಲಿಗೆ ಇಬ್ಬರಿದ್ದರೆ ರಾತ್ರಿಯನ್ನು ಎರಡು ಪಾಲು ಮಾಡಿ, ಯಾರ ಪಾಲನ್ನು ಅವರಿಗೇ ಖಾಯಂ ಆಗಿ ಇಡತಕ್ಕದ್ದು. ದೇಹದ ಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯಬಲ್ಲದಾದ ಕಾರಣ ಪ್ರತಿರಾತ್ರಿಯೂ ಪಾಲು ಬದಲಾಯಿಸುವುದು ಹಾನಿಕರ. ರಾತ್ರಿ ದುಡಿದವನು ಬೆಳಿಗ್ಗೆ ಟ್ರ್ಯಾಕ್ಟರನ್ನಾಗಲಿ ಮೋಟಾರು ಬೈಕನ್ನಾಗಲಿ ನಡೆಸಕೂಡದು. ಕಿಟಕಿಗೆ ಗೋಣಿಯನ್ನಾದರೂ ಕಟ್ಟಿ ಕತ್ತಲೆ ಮಾಡಿದ ಕೋಣೆಯಲ್ಲಿ ಅವನು ನಾಲ್ಕು ಗಂಟೆಯಾದರೂ ಮಲಗಬೇಕು. ಅನುಕೂಲವುಳ್ಳವರು ಆಟೋ ಸ್ಟಾರ್ಟರಿನಿಂದ ರಾತ್ರಿಯ ನೀರನ್ನು ತೊಟ್ಟಿಗೋ ಕೃಷಿ ಹೊಂಡಕ್ಕೋ ತುಂಬಿಸಿಕೊಂಡು ಹಗಲಿನಲ್ಲಿ ಹಾಯಿಸಬಹುದು. ಬಾವಿ ಬತ್ತಿದಾಗ ಮೋಟಾರು ತಾನಾಗಿಯೇ ನಿಲ್ಲುವ ಏರ್ಪಾಡು ಅದಕ್ಕೆ ಇರಲೇಬೇಕು.

ನಿದ್ರೆಗೆ ಸಂಬಂಧಪಟ್ಟ ರೋಗಗಳು

ಅನಿದ್ರೆ: ಮಲಗಿದರೂ ನಿದ್ರೆ ಹತ್ತದಿರುವುದು, ನಡುವೆ ಎಚ್ಚರವಾಗಿ ಮತ್ತೆ ಬಾರದಿರುವುದು, ಹೊತ್ತಿಗೆ ಮುಂಚೆಯೇ ಎಚ್ಚರವಾಗುವುದು, ಇವು ಇದರ ಮೂರು ಬಗೆಗಳು. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗುತ್ತಾ ಮೂರು ತಿಂಗಳು ಮುಂದುವರಿದರೆ ಅದನ್ನು ಹಳೆಯ ಅನಿದ್ರೆಯೆಂದು ಎಣಿಸುವರು. ಇದಕ್ಕೆ ಮೊದಲ ಚಿಕಿತ್ಸೆಯು ಮಾತ್ರೆಯಲ್ಲ, ಅಭ್ಯಾಸದ ತಿದ್ದುಪಡಿಯೆಂದು ವೈದ್ಯರು ಒಪ್ಪಿರುವರು. ಅದರ ಮುಖ್ಯ ಸೂತ್ರವು ನೀರಾವರಿಯ ಸೂತ್ರದಂತೆಯೇ ಇದೆ. ಸ್ವಲ್ಪ ನೀರನ್ನು ಹತ್ತು ಕಾಲುವೆಗಳಿಗೆ ಬಿಟ್ಟರೆ ಯಾವ ಮಡಿಯೂ ನೆನೆಯದು. ಒಂದೇ ಕಾಲುವೆಗೆ ಕಟ್ಟಿದರೆ ಕಡೆಯ ಮಡಿಗೂ ಮುಟ್ಟುವುದು. ಎಂಟು ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ಮಾತ್ರ ನಿದ್ರಿಸುವವನು, ಕೆಲವು ವಾರ ಐದೂವರೆ ಗಂಟೆಯೇ ಹಾಸಿಗೆಯಲ್ಲಿರಬೇಕು. ನಿದ್ರೆಯು ಒತ್ತಾಗಿ ಕೂಡಿಬಂದ ಮೇಲೆ ವಾರಕ್ಕೆ ಕಾಲು ಗಂಟೆಯಂತೆ ಹೆಚ್ಚಿಸುತ್ತಾ ಹೋಗಬೇಕು. ಐದು ಗಂಟೆಗಿಂತ ಕಡಿಮೆ ಮಾಡಕೂಡದು. ಮೂರ್ಛೆರೋಗವುಳ್ಳವರೂ ಯಂತ್ರಗಳಲ್ಲಿ ದುಡಿಯುವವರೂ ವೈದ್ಯರನ್ನು ಕೇಳದೆ ಇದನ್ನು ಮಾಡತಕ್ಕದ್ದಲ್ಲ.

ಉಸಿರು ಕಟ್ಟುವ ಗೊರಕೆ: ಕುಂಭಕರ್ಣನಂತೆ ಗೊರಕೆ ಹೊಡೆಯುವವನಿಗೆ ಒಳ್ಳೆಯ ನಿದ್ರೆಯೆಂಬುದು ತಪ್ಪು ತಿಳಿವಳಿಕೆ. ಗೊರಕೆಯು ನಡುನಡುವೆ ಥಟ್ಟನೆ ನಿಂತು, ಉಸಿರೇ ಇಲ್ಲದಂತಾಗಿ, ಆಮೇಲೆ ಬಾಯಿ ಬಿಟ್ಟು ಗಾಳಿ ಎಳೆದುಕೊಳ್ಳುತ್ತಿದ್ದರೆ, ಗಂಟಲಿನ ದಾರಿಯು ನಿದ್ರೆಯಲ್ಲಿ ಮುಚ್ಚಿಕೊಳ್ಳುತ್ತಿದೆಯೆಂದು ಅರ್ಥ. ಹತ್ತು ಸೆಕೆಂಡುಗಳಿಗೆ ಕಡಿಮೆಯಿಲ್ಲದ ಇಂಥ ತಡೆಗಳು ಗಂಟೆಗೆ ಐದನ್ನು ಮುಟ್ಟಿದರೆ ಅದು ರೋಗದ ಗುರುತು. ಮೂವತ್ತನ್ನು ಮೀರಿದರೆ ಉಲ್ಬಣಾವಸ್ಥೆ. ರೋಗಿಗೆ ತನಗಾದದ್ದು ತಿಳಿಯುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ತಿಳಿಯುವುದು. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಇಳಿಯದ ರಕ್ತದ ಒತ್ತಡ, ಇವು ಇತರ ಚಿಹ್ನೆಗಳು. ಅಲಕ್ಷ್ಯ ಮಾಡಿದರೆ ಹೃದ್ರೋಗಕ್ಕೂ ಪಾರ್ಶ್ವವಾಯುವಿಗೂ ಇದು ದಾರಿಯಾಗಬಹುದು. ಮೈತೂಕವನ್ನು ಇಳಿಸುವುದು, ಮದ್ಯವನ್ನು ಬಿಡುವುದು, ಮಗ್ಗುಲಾಗಿ ಮಲಗುವುದು ಸಹಾಯಕವಾಗುವುವು. ರೋಗವು ಬಲಿತಿದ್ದರೆ ಮೂಗಿಗೆ ಕವಚ ಕಟ್ಟಿ ಗಾಳಿಯನ್ನು ಮೆಲ್ಲನೆ ಒತ್ತುವ ಯಂತ್ರವನ್ನು ರಾತ್ರಿಯೆಲ್ಲಾ ಇಟ್ಟುಕೊಳ್ಳಬೇಕಾಗುವುದು. ಆಸ್ಟ್ರೇಲಿಯಾ ದೇಶದ ಕಾಲಿನ್ ಸಲಿವನ್ ಎಂಬ ವೈದ್ಯನು 1981ರಲ್ಲಿ ಇದನ್ನು ಪ್ರಕಟಿಸಿದನು. ನಿದ್ರೆಯನ್ನು ಯಂತ್ರಗಳಿಂದ ಪರೀಕ್ಷಿಸುವ ಏರ್ಪಾಡು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ದೊಡ್ಡ ಆಸ್ಪತ್ರೆಗಳಲ್ಲಿಯೂ ಉಂಟು.

ಕಾಲುಗಳ ಚಡಪಡಿಕೆ: ಸಂಜೆಯಾದ ಮೇಲೆ ಕಾಲುಗಳಲ್ಲಿ ಹುಳು ಹರಿದಂತಾಗಿ, ಆಡಿಸದೆ ಇರಲಾರದೆ, ನಡೆದಾಡಿದರೆ ಶಮನವಾಗುವ ಈ ರೋಗವನ್ನು ಅನೇಕರು ದಣಿವೆಂದು ಬಿಟ್ಟುಬಿಡುವರು. ದೇಹದಲ್ಲಿ ಕಬ್ಬಿಣದ ಅಂಶವು ಕಡಿಮೆಯಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಗರ್ಭಿಣಿಯರಲ್ಲಿ ಇದು ಹೆಚ್ಚಾಗಿ ಕಾಣಬರುವುದು. ಎಲ್ಲರಿಗಿಂತ ಕಡೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವ ಮನೆಯ ಹೆಂಗಸರಿಗೆ ಈ ತೊಂದರೆಯುಂಟೇ ಎಂದು ಯಜಮಾನರು ವಿಚಾರಿಸುವುದು ಯುಕ್ತ. ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಂತೆ ಕಬ್ಬಿಣದ ಮಾತ್ರೆಗಳನ್ನು ಕೊಡಿಸಬೇಕು. ಊಟವಾದೊಡನೆ ಚಹ ಕುಡಿದರೆ ಆಹಾರದ ಕಬ್ಬಿಣವು ದೇಹಕ್ಕೆ ಹತ್ತುವುದು ಕಡಿಮೆಯಾಗುವುದು.

ಚಿಂತೆಯಿಂದ ಕೆಟ್ಟ ನಿದ್ರೆ: ಮಹಾಭಾರತದಲ್ಲಿ ನಿದ್ರೆ ಬಾರದೆ ತೊಳಲಿದ ಧೃತರಾಷ್ಟ್ರನಿಗೆ ವಿದುರನು, ಯಾರು ಯಾರಿಗೆ ನಿದ್ರೆ ಬಾರದೆಂದು ಎಣಿಸುವಾಗ ಸ್ವತ್ತನ್ನು ಕಳೆದುಕೊಂಡವನನ್ನೂ ಬಲವಂತನ ಕೈಗೆ ಸಿಕ್ಕಿದ ದುರ್ಬಲನನ್ನೂ ಹೇಳಿದ್ದಾನೆ. ಮಳೆ ತಪ್ಪಿ, ಬೆಲೆ ಕುಸಿದು, ಸಾಲವು ಬೆಳೆದಿರುವ ರೈತನ ಸ್ಥಿತಿಯು ಇದೇ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗಿ, ಊಟ ರುಚಿಸದೆ, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದೆ ಎರಡು ವಾರ ಕಳೆದರೆ ಅದು ಮನಸ್ಸಿನ ಕಾಯಿಲೆಯ ಚಿಹ್ನೆಯಾಗಿರಬಹುದು. ಬದುಕು ಬೇಡವೆಂಬ ಮಾತು ಇಂಥವನ ಬಾಯಿಂದ ಬಂದರೆ ಅದನ್ನು ಹಗುರವಾಗಿ ಎಣಿಸದೆ, ಅವನನ್ನು ಒಂಟಿಯಾಗಿ ಬಿಡದೆ, ಕೀಟನಾಶಕಗಳನ್ನು ಅವನ ಕೈಗೆಟುಕದಂತೆ ಬೀಗದಲ್ಲಿಟ್ಟು, ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ ತಿಂಗಳಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲುರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಮಾತನಾಡಬಹುದು.

ನಿತ್ಯವೂ ಅನುಸರಿಸತಕ್ಕ ನಿಯಮಗಳು

1. ಏಳುವ ಹೊತ್ತನ್ನು ನಿಶ್ಚಯಿಸಿಕೊಂಡು, ಸಂತೆಯ ದಿನವಾಗಲಿ ಹಬ್ಬದ ದಿನವಾಗಲಿ ಬದಲಾಯಿಸದಿರುವುದು. ಎದ್ದೊಡನೆ ಬೆಳಗಿನ ಬಿಸಿಲಿಗೆ ಮೈಯೊಡ್ಡುವುದು.

2. ಕಾಫಿಯ ಸತ್ವದಲ್ಲಿ ಅರ್ಧ ಭಾಗವು ಸುಮಾರು ಐದು ಗಂಟೆಗಳಾದರೂ ರಕ್ತದಲ್ಲಿ ಉಳಿದಿರುವುದು. ಆದಕಾರಣ ಮಧ್ಯಾಹ್ನ ಮೂರರ ಮೇಲೆ ಕಾಫಿ ಚಹಗಳನ್ನು ಬಿಡುವುದು.

3. ಮದ್ಯವು ಬೇಗನೆ ನಿದ್ರೆ ತಂದಂತೆ ತೋರಿದರೂ ರಾತ್ರಿಯ ಎರಡನೆಯ ಭಾಗವನ್ನು ಕೆಡಿಸುವುದು. ಬೀಡಿ, ಹೊಗೆಸೊಪ್ಪುಗಳ ಸತ್ವವು ಎಚ್ಚರ ತರತಕ್ಕದ್ದು. ಇವು ನಿದ್ರೆಗೆ ಔಷಧವಲ್ಲ.

4. ರಾತ್ರಿಯ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಮುಗಿಸುವುದು.

5. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಮೊಬೈಲು, ದೂರದರ್ಶನಗಳನ್ನು ನಿಲ್ಲಿಸುವುದು. ಮೊಬೈಲನ್ನು ಹಾಸಿಗೆಯಿಂದ ದೂರವಿಡುವುದು.

6. ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದ ಮೇಲೆ ಮತ್ತೆ ಮಲಗುವುದು. ಹಾಸಿಗೆಯಲ್ಲಿ ಲೆಕ್ಕಪತ್ರದ ಯೋಚನೆ ಕೂಡದು. ನಾಳಿನ ಕೆಲಸಗಳನ್ನು ಸಂಜೆಯೇ ಬರೆದಿಡುವುದು.

7. ಹಗಲಿನ ನಿದ್ರೆಯು ಇಪ್ಪತ್ತು ಮೂವತ್ತು ನಿಮಿಷಗಳನ್ನು ಮೀರದಿರುವುದು. ಬೇಸಿಗೆಯಲ್ಲಿಯೂ ರಾತ್ರಿ ಎಚ್ಚರವಿದ್ದವರಿಗೂ ಹಗಲುನಿದ್ರೆಯನ್ನು ಆಯುರ್ವೇದವೂ ಒಪ್ಪಿದೆ.

8. ನೆಲದ ಮೇಲೆ ಮಲಗದೆ ಮಂಚದ ಮೇಲೆ, ಅಂಚುಗಳನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗುವುದು. ಸೊಳ್ಳೆಯ ಕಾಟವು ತಪ್ಪುವುದಲ್ಲದೆ, ರಾತ್ರಿ ಮನೆಯೊಳಗೆ ಬಂದು ನೆಲದಲ್ಲಿ ಮಲಗಿದವರನ್ನು ಕಚ್ಚುವ ಕಟ್ಟುಹಾವಿನಿಂದಲೂ ರಕ್ಷಣೆ ದೊರೆಯುವುದು. ಅದರ ಕಡಿತವು ನೋವಿಲ್ಲದೆಯೂ ಇರಬಹುದಾದ್ದರಿಂದ, ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋಲುವುದು, ಉಸಿರಾಟದ ಕಷ್ಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ನಿದ್ರೆಯ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತರುವುದು ಅಪಾಯಕರ. ದಿನವೂ ನುಂಗಿದರೆ ಕೆಲವು ವಾರಗಳಲ್ಲಿ ಚಟವಾಗಬಹುದು. ವೃದ್ಧರು ರಾತ್ರಿ ಎದ್ದಾಗ ಬಿದ್ದು ಮೂಳೆ ಮುರಿದುಕೊಳ್ಳಬಹುದು. ಮದ್ಯದೊಡನೆ ಸೇರಿದರೆ ಉಸಿರೇ ನಿಲ್ಲಬಹುದು.

ಮುಖಂಡರ ಕರ್ತವ್ಯ

ಒಬ್ಬನ ನಿದ್ರೆಯು ಅವನ ಕೈಯಲ್ಲಿ ಮಾತ್ರವೇ ಇಲ್ಲ. 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳನ್ನು ಹಾಕಕೂಡದು. ವರ್ಷಕ್ಕೆ ಹದಿನೈದು ದಿನಗಳಿಗೆ ಮೀರದಂತೆ, ಉತ್ಸವಗಳಿಗಾಗಿ, ರಾತ್ರಿ 12ರವರೆಗೆ ಮಾತ್ರ ಸರ್ಕಾರವು ರಿಯಾಯಿತಿ ಕೊಡಬಹುದು. ಪರೀಕ್ಷೆಗೆ ಓದುವ ಮಕ್ಕಳೂ ರೋಗಿಗಳೂ ಇರುವ ಊರಿನಲ್ಲಿ ಈ ನಿಯಮವನ್ನು ಜಗಳವಿಲ್ಲದೆ ನಡೆಯಿಸಿಕೊಡುವುದು ಊರಿನ ಹಿರಿಯರಿಂದಲೇ ಸಾಧ್ಯ. ಬೀದಿಯ ದೀಪವು ಮನೆಯ ಕಿಟಕಿಗೆ ಬೀಳದಂತೆ ಮರೆ ಕಟ್ಟಿಸುವುದು ಪಂಚಾಯತಿಗೆ ಅಲ್ಪವ್ಯಯದ ಕೆಲಸ. ಕಬ್ಬು ಕಡಿಯುವುದಕ್ಕೆ ಪರಸ್ಥಳಗಳಿಂದ ಬರುವ ಆಳುಗಳಿಗೆ ಒಣ ನೆಲವೂ, ಸೊಳ್ಳೆಪರದೆಯೂ, ರಾತ್ರಿ ಏಳು ಗಂಟೆಯ ಬಿಡುವೂ ದೊರೆಯುವಂತೆ ಮಾಡಿದ ಜಮೀನುದಾರನಿಗೆ, ಆ ಖರ್ಚು ಅಪಘಾತಗಳಿಲ್ಲದ ಸುಗ್ಗಿಯ ರೂಪದಲ್ಲಿ ಹಿಂದಕ್ಕೆ ಬರುವುದು.

ಎಲ್ಲಕ್ಕಿಂತ ಮುಖ್ಯವಾದದ್ದು ಹಗಲಿನ ವಿದ್ಯುತ್ತು. 2019ರಲ್ಲಿ ಭಾರತ ಸರ್ಕಾರವು ಪ್ರಾರಂಭಿಸಿದ ಪಿಎಂ-ಕುಸುಮ್ ಯೋಜನೆಯು, ಸೂರ್ಯನ ಶಕ್ತಿಯಿಂದ ನಡೆಯುವ ಪಂಪುಗಳಿಗೂ, ಪಂಪುಸೆಟ್ಟುಗಳ ವಿದ್ಯುತ್ ಮಾರ್ಗಗಳಿಗೇ ಸೌರಶಕ್ತಿಯನ್ನು ಜೋಡಿಸುವುದಕ್ಕೂ ಸಹಾಯ ಕೊಡುವುದು. 2020ರಲ್ಲಿ ಗುಜರಾತಿನಲ್ಲಿ ರೈತರಿಗೆ ಬೆಳಿಗ್ಗೆ 5ರಿಂದ ರಾತ್ರಿ 9ರೊಳಗಾಗಿ ವಿದ್ಯುತ್ತು ಕೊಡುವ ಉದ್ದೇಶದಿಂದಲೇ ಒಂದು ಯೋಜನೆಯು ಆರಂಭವಾಯಿತು. ಬಿಡಿ ರೈತನು ಅರ್ಜಿ ಹಾಕಿ ಕಾಯುವುದಕ್ಕಿಂತ, ಒಂದು ವಿದ್ಯುತ್ ಮಾರ್ಗಕ್ಕೆ ಸೇರಿದ ಎಲ್ಲರೂ ಒಟ್ಟಾಗಿ ಪಂಚಾಯತಿಯ ಮೂಲಕ ವಿದ್ಯುತ್ ಕಂಪೆನಿಯನ್ನು ಕೇಳಿದರೆ ಫಲವು ಬೇಗ ದೊರೆಯಬಹುದು. ಅದುವರೆಗೆ ಪಾಳಿಗಳ ಪಟ್ಟಿಯು ವಾರಕ್ಕೆ ಮುಂಚಿತವಾಗಿ ಊರಿಗೆ ತಿಳಿಯುವಂತೆ ಏರ್ಪಾಡು ಮಾಡಿಸಿದರೂ, ರೈತನು ಯಾವ ರಾತ್ರಿ ಮಲಗಬಹುದು, ಯಾವ ರಾತ್ರಿ ಏಳಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳಬಲ್ಲನು.

ಬೀಜ, ಗೊಬ್ಬರ, ನೀರುಗಳ ಲೆಕ್ಕವನ್ನು ಜಾಗರೂಕತೆಯಿಂದ ಇಡುವ ಯಜಮಾನರು ಮನೆಯವರ ಮತ್ತು ಆಳುಗಳ ನಿದ್ರೆಯ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಇಡತಕ್ಕದ್ದು. ಇದಕ್ಕೆ ಹೊಸ ಉಪಕರಣವೂ ಬೇಡ, ಹೆಚ್ಚಿನ ಬಂಡವಾಳವೂ ಬೇಡ. ಮುಂದಿನ ಬಿತ್ತನೆಗೆ ಮೊದಲು ಊರಿನ ಸಭೆಯಲ್ಲಿ ರಾತ್ರಿಯ ಪಾಳಿ, ಕಾವಲಿನ ಪಾಲು, ಧ್ವನಿವರ್ಧಕ, ಈ ಮೂರನ್ನು ಚರ್ಚಿಸಿ ಒಂದು ನಿರ್ಣಯಕ್ಕೆ ಬಂದರೆ ಅದೇ ಒಳ್ಳೆಯ ಪ್ರಾರಂಭವಾಗುವುದು.